ಅಂತೆಕಂತೆಗಳ ಜುಲೈ: ಎನ್‌ಬಿಎ ವರ್ಗಾವಣೆಯ ಸುದ್ದಿಯನ್ನು ಓದುವ ಬಗೆ

ಪ್ರಶ್ನೆ: ಮೂರು ವರ್ಷಗಳಿಂದ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳನ್ನು ತಪ್ಪದೆ ನೋಡುತ್ತಿದ್ದೇನೆ. ಜೂನ್‌ನಲ್ಲಿ ಫೈನಲ್ಸ್ ಮುಗಿದ ಕೂಡಲೇ ಯಾರು ಯಾವ ತಂಡ ಸೇರುತ್ತಾರೆಂಬ ಸುದ್ದಿಗಳು ದಿನಕ್ಕೆ ಹತ್ತು ಬರುತ್ತವೆ, ಒಂಬತ್ತು ಸುಳ್ಳಾಗುತ್ತವೆ. 2025ರ ಬೇಸಿಗೆಯಲ್ಲಿ ಮಿಲ್ವಾಕಿಯ ತಾರೆ ಯಾನಿಸ್ ಆಂಟೆಟೊಕೂಂಪೊ ನ್ಯೂಯಾರ್ಕ್ ಸೇರುವುದು ಖಚಿತವೆಂದು ಗೆಳೆಯರಿಗೆಲ್ಲ ಹೇಳಿ ನಗೆಪಾಟಲಾದೆ. ದುಡ್ಡಿರುವ ತಂಡ ತನಗೆ ಬೇಕಾದ ಆಟಗಾರನನ್ನು ಕೊಂಡುಕೊಳ್ಳಲು ಇರುವ ಅಡ್ಡಿ ಏನು? 2024ರಲ್ಲಿ ಪ್ರಶಸ್ತಿ ಗೆದ್ದ ಬಾಸ್ಟನ್ ಮರುವರ್ಷವೇ ತನ್ನ ತಂಡವನ್ನು ತಾನೇ ಬಿಚ್ಚಿಹಾಕಿದ್ದು ಏಕೆ? ಯಾವ ಸುದ್ದಿಯನ್ನು ನಂಬಬೇಕು?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಮೂರು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಎನ್‌ಬಿಎಯಲ್ಲಿ ಆಟಗಾರ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಮೊದಲು ಲೆಕ್ಕದ ಪುಸ್ತಕ ತೀರ್ಮಾನಿಸುತ್ತದೆ. ಆಸೆ, ಸ್ನೇಹ, ಊರಿನ ಮೋಹ ಇವೆಲ್ಲ ಆ ಪುಸ್ತಕ ಬಿಟ್ಟುಕೊಟ್ಟ ಜಾಗದೊಳಗೆ ಮಾತ್ರ ಆಡುತ್ತವೆ. ಅಭಿಮಾನಿಗಳಾದ ನಾವು ಇದನ್ನು ತಲೆಕೆಳಗಾಗಿ ಓದುತ್ತೇವೆ. ಯಾರಿಗೆ ಯಾರು ಬೇಕು ಎಂಬಲ್ಲಿಂದ ಹೊರಟು, ಹಣದ ಮಾತನ್ನು ಕೊನೆಗೆ ಯಾರೋ ಗುಮಾಸ್ತರು ಸರಿಪಡಿಸಿಕೊಳ್ಳುತ್ತಾರೆ ಎಂದುಕೊಳ್ಳುತ್ತೇವೆ.

ಐಪಿಎಲ್ ನೋಡಿ ಅಭ್ಯಾಸವಾದವರಿಗೆ ಈ ತಪ್ಪು ಸಹಜ. ಅಲ್ಲಿ ಹರಾಜಿದೆ, ಗಂಟಿನಲ್ಲಿ ಉಳಿದ ಹಣಕ್ಕೆ ತಕ್ಕಂತೆ ತಂಡಗಳು ಬೆಲೆ ಕೂಗುತ್ತವೆ, ಹರಾಜಿಗೆ ಹೆಸರು ಕೊಟ್ಟ ಆಟಗಾರನಿಗೆ ತನ್ನ ತಂಡವನ್ನು ಆರಿಸಿಕೊಳ್ಳುವ ಹಕ್ಕಿಲ್ಲ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿ ರೂಪಾಯಿಗೆ ದೆಹಲಿಯ ಪಾಲಾದರು. ಅವರು ಬೆಂಗಳೂರಿಗೆ ಬರಲೆಂದು ಹಾರೈಸಿದವರು ಸುಮ್ಮನೆ ನೋಡುತ್ತ ಕುಳಿತಿರಬೇಕಾಯಿತು. ಅದೇ ಐಪಿಎಲ್‌ನಲ್ಲಿ ಹಾರ್ದಿಕ್ ಪಾಂಡ್ಯ 2023ರಲ್ಲಿ ಗುಜರಾತ್‌ನಿಂದ ಮುಂಬೈಗೆ ಮರಳಿದ್ದು ಬರೀ ನಗದು ವ್ಯವಹಾರದಲ್ಲಿ, ಬದಲಿಗೆ ಯಾವ ಆಟಗಾರನೂ ಹೋಗಲಿಲ್ಲ. ಎನ್‌ಬಿಎಯಲ್ಲಿ ಇವೆರಡೂ ಸಾಧ್ಯವಿಲ್ಲ. ಒಪ್ಪಂದ ಮುಗಿದ ಆಟಗಾರ, ಅಂದರೆ ಫ್ರೀ ಏಜೆಂಟ್, ತನಗೆ ಬೇಕಾದ ತಂಡದ ಜೊತೆ ತಾನೇ ಮಾತಾಡಿ ಸಹಿ ಹಾಕುತ್ತಾನೆ. ಒಪ್ಪಂದದಲ್ಲಿರುವ ಆಟಗಾರನನ್ನು ಪಡೆಯಬೇಕಾದರೆ ಹಣದ ಚೀಲ ಸಾಲದು. ಬಹುಪಾಲು ತಂಡಗಳು ಹೆಚ್ಚುಕಡಿಮೆ ಅಷ್ಟೇ ಸಂಬಳದ ಆಟಗಾರರನ್ನು ಬದಲಿಗೆ ಕಳಿಸಲೇಬೇಕು. ಟ್ರೇಡ್ ಎಂಬ ಮಾತಿಗೆ ಅಲ್ಲಿ ಇರುವುದು ಈ ಅದಲುಬದಲಿನ ಅರ್ಥವೇ.

ಆಟಗಾರನಿಗೆ ಈ ಸ್ವಾತಂತ್ರ್ಯ ಸುಮ್ಮನೆ ಬಂದದ್ದಲ್ಲ. ಆಸ್ಕರ್ ರಾಬರ್ಟ್‌ಸನ್ ಆಟಗಾರರ ಸಂಘದ ಪರವಾಗಿ 1970ರಲ್ಲಿ ಹೂಡಿದ ಮೊಕದ್ದಮೆ 1976ರಲ್ಲಿ ರಾಜಿಯಾಗಿ, ಒಪ್ಪಂದ ಮುಗಿದವನು ಬೇರೆಡೆ ಹೋಗುವ ಬಾಗಿಲು ಅರ್ಧ ತೆರೆಯಿತು. ಅದು ಪೂರ್ತಿ ತೆರೆದದ್ದು 1988ರಲ್ಲಿ, ಟಾಮ್ ಚೇಂಬರ್ಸ್ ಯಾವ ನಿರ್ಬಂಧವೂ ಇಲ್ಲದೆ ಸಿಯಾಟಲ್ ಬಿಟ್ಟು ಫೀನಿಕ್ಸ್ ಸೇರಿದಾಗ. ಈ ನಡುವೆ 1984-85ರ ಋತುವಿನಲ್ಲಿ ತಂಡಗಳ ಒಟ್ಟು ಸಂಬಳಕ್ಕೆ 36 ಲಕ್ಷ ಡಾಲರ್‌ಗಳ ಮಿತಿ ಬಂದಿತ್ತು. ಒಂದು ಕೈಯಲ್ಲಿ ಸ್ವಾತಂತ್ರ್ಯ, ಇನ್ನೊಂದು ಕೈಯಲ್ಲಿ ಮಿತಿ: ಇಂದಿನ ಗೊಂದಲವೆಲ್ಲ ಹುಟ್ಟುವುದು ಈ ಜೋಡಿಯಿಂದ.

2025-26ರ ಋತುವಿಗೆ ಆ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, ಸುಮಾರು 15.46 ಕೋಟಿ ಡಾಲರ್. ಹೆಸರು ಮಿತಿಯಾದರೂ ಅದು ಗೋಡೆಯಲ್ಲ, ಹೊಸಿಲು. ಅದನ್ನು ದಾಟಿ ಒಳಗೆ ಹೋಗಬಹುದು, ಆದರೆ ಪ್ರತಿ ಕೋಣೆಯಲ್ಲಿಯೂ ಒಂದೊಂದು ಸೌಲಭ್ಯ ಕಡಿಮೆಯಾಗುತ್ತ ಹೋಗುತ್ತದೆ. 18.79 ಕೋಟಿ ಡಾಲರ್ ದಾಟಿದರೆ ಲಕ್ಷುರಿ ತೆರಿಗೆ ಶುರುವಾಗುತ್ತದೆ, 19.59 ಕೋಟಿ ದಾಟಿದರೆ ಮೊದಲ ಏಪ್ರನ್ ಎಂಬ ನಿರ್ಬಂಧದ ಗೆರೆ, 20.78 ಕೋಟಿ ದಾಟಿದರೆ ಎರಡನೇ ಏಪ್ರನ್. ಈ ಎರಡನೇ ಏಪ್ರನ್ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಡಂಬಡಿಕೆಯ ಕೂಸು. ಕಳೆದ ಎರಡು ಮೂರು ಬೇಸಿಗೆಗಳ ಅರ್ಧಕ್ಕರ್ಧ ಸುದ್ದಿಗಳಿಗೆ ಇದೇ ತಾಯಿಬೇರು ಎಂದು ನಾನು ಭಾವಿಸುತ್ತೇನೆ. ತೆರಿಗೆ ಎಂಬುದು ಶ್ರೀಮಂತ ಮಾಲೀಕರಿಗೆ ದಂಡವಷ್ಟೇ, ಕಟ್ಟಿ ಮುಂದೆ ಹೋಗುತ್ತಿದ್ದರು. ಎರಡನೇ ಏಪ್ರನ್ ಕೈಯನ್ನೇ ಕಟ್ಟುತ್ತದೆ. ಅದರ ಮೇಲಿರುವ ತಂಡ ಇಬ್ಬರು ಮೂವರ ಸಂಬಳವನ್ನು ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ತಾನು ಕಳಿಸಿದ ಸಂಬಳಕ್ಕಿಂತ ಒಂದು ಡಾಲರ್ ಕೂಡ ಹೆಚ್ಚು ಪಡೆಯುವಂತಿಲ್ಲ. ಟ್ರೇಡ್‌ನಲ್ಲಿ ನಗದು ಸೇರಿಸುವಂತಿಲ್ಲ. ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಹಕ್ಕನ್ನು ಮಾರುವಂತಿಲ್ಲ. ಹೊರಗಿನಿಂದ ಫ್ರೀ ಏಜೆಂಟ್‌ನನ್ನು ಕರೆಯಬೇಕೆಂದರೆ ಕನಿಷ್ಠ ಸಂಬಳವನ್ನಷ್ಟೇ ಕೊಡಬಹುದು.

ಹಾಗಾದರೆ ತಂಡಗಳು ಮಿತಿ ದಾಟುವುದಾದರೂ ಹೇಗೆ ಎಂದು ನೀವು ಕೇಳಬಹುದು. ಮುಖ್ಯ ದಾರಿ ಲ್ಯಾರಿ ಬರ್ಡ್ ಅವರ ಹೆಸರಿನಲ್ಲಿ ಕರೆಯುವ ಬರ್ಡ್ ಹಕ್ಕು. ಆಟಗಾರ ಮೂರು ಋತುಗಳ ಕಾಲ ಫ್ರೀ ಏಜೆಂಟ್ ಆಗಿ ತಂಡ ಬದಲಿಸದೆ ಇದ್ದರೆ, ಅವನನ್ನು ಉಳಿಸಿಕೊಳ್ಳಲು ಅವನ ತಂಡ ಕ್ಯಾಪ್ ಮೀರಿ ಖರ್ಚು ಮಾಡಬಹುದು, ಐದು ವರ್ಷಗಳ ಒಪ್ಪಂದ ಕೊಡಬಹುದು, ವರ್ಷಕ್ಕೆ ಶೇ 8ರ ಏರಿಕೆಯನ್ನೂ ಕೊಡಬಹುದು. ಹೊರಗಿನ ತಂಡಕ್ಕೆ ನಾಲ್ಕೇ ವರ್ಷ, ಶೇ 5ರ ಏರಿಕೆ. ಟ್ರೇಡ್‌ನಲ್ಲಿ ಆಟಗಾರನ ಜೊತೆಗೆ ಈ ಹಕ್ಕೂ ಹೊಸ ತಂಡಕ್ಕೆ ಹೋಗುತ್ತದೆ. ಆದ್ದರಿಂದ, ಮುಂದಿನ ವರ್ಷ ಒಪ್ಪಂದ ಮುಗಿಯುವ ತಾರೆಯನ್ನು ಯಾವುದೋ ತಂಡ ಈಗಲೇ ದುಬಾರಿಯಾಗಿ ತಂದುಕೊಂಡರೆ ಅದು ಮೂರ್ಖತನವಾಗಿರಲಿಕ್ಕಿಲ್ಲ. ಅದು ಕೊಳ್ಳುತ್ತಿರುವುದು ಆ ಹಕ್ಕನ್ನು.

ಈಗ ಬಾಸ್ಟನ್‌ಗೆ ಬರೋಣ. 2024ರಲ್ಲಿ ಗೆದ್ದ ತಂಡವನ್ನು ಹಾಗೆಯೇ ಉಳಿಸಿಕೊಂಡಿದ್ದರೆ 2025-26ರಲ್ಲಿ ಸಂಬಳ ಮತ್ತು ತೆರಿಗೆ ಎರಡೂ ಸೇರಿ 50 ಕೋಟಿ ಡಾಲರ್‌ಗಳ ಆಸುಪಾಸು ತಲುಪುವ ಅಂದಾಜಿತ್ತು. ತೆರಿಗೆಯ ದರ ಮಿತಿಯಿಂದ ದೂರ ಹೋದಷ್ಟೂ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ; ಹಿಂದಿನ ನಾಲ್ಕು ಋತುಗಳಲ್ಲಿ ಮೂರು ಬಾರಿ ತೆರಿಗೆ ಕಟ್ಟಿದ ತಂಡಕ್ಕೆ ಇನ್ನೂ ಕಠಿಣವಾದ ದರ ಬೀಳುತ್ತದೆ, ಬಾಸ್ಟನ್ ಆ ಸಾಲಿಗೆ ಸೇರಿತ್ತು. ಅಷ್ಟರಲ್ಲಿ 2025ರ ಮೇ 12ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂಡದ ಮುಖ್ಯ ತಾರೆ ಜೇಸನ್ ಟೇಟಂ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡು ಕುಸಿದರು. ಮುಂದಿನ ಋತುವಿನ ಬಹುಭಾಗ ಅವರಿಲ್ಲ ಎಂದಾದ ಮೇಲೆ, ಗೆಲ್ಲುವ ಭರವಸೆ ಇಲ್ಲದ ವರ್ಷಕ್ಕೆ ಅಷ್ಟು ಹಣ ಸುರಿಯುವ ಮಾಲೀಕ ಯಾರಿದ್ದಾರೆ? ಮಾಲೀಕತ್ವವೂ 610 ಕೋಟಿ ಡಾಲರ್‌ಗಳ ವ್ಯವಹಾರದಲ್ಲಿ ಕೈಬದಲಾಗುತ್ತಿದ್ದ ಕಾಲವದು.

ಹೀಗಾಗಿ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅಟ್ಲಾಂಟಾಗೆ ಹೋದರು, ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ ಹೋದರು, ಲ್ಯೂಕ್ ಕಾರ್ನೆಟ್ ಮತ್ತು ಆಲ್ ಹಾರ್ಫರ್ಡ್ ಒಪ್ಪಂದ ಮುಗಿಸಿ ಬೇರೆ ದಾರಿ ಹಿಡಿದರು. ಹಾಲಿಡೇ ವ್ಯವಹಾರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವರ ಆ ವರ್ಷದ ಸಂಬಳ ಸುಮಾರು 3.24 ಕೋಟಿ ಡಾಲರ್. ಬದಲಿಗೆ ಬಂದ ಆ್ಯನ್‌ಫರ್ನಿ ಸೈಮನ್ಸ್ ಅವರದು ಸುಮಾರು 2.77 ಕೋಟಿ. ವ್ಯತ್ಯಾಸ 47 ಲಕ್ಷ ಡಾಲರ್ ಮಾತ್ರ, ಇಷ್ಟಕ್ಕೆ ಅಂಥ ರಕ್ಷಣಾ ಆಟಗಾರನನ್ನು ಬಿಡಬೇಕೇ ಎಂದು ಅಭಿಮಾನಿ ಕೊರಗುತ್ತಾನೆ. ಆದರೆ ಆ 47 ಲಕ್ಷ ಇರುವುದು ತೆರಿಗೆಯ ಅತಿ ಎತ್ತರದ ಮೆಟ್ಟಿಲುಗಳಲ್ಲಿ. ಅಲ್ಲಿ ಪ್ರತಿ ಡಾಲರ್ ಸಂಬಳದ ಬೆನ್ನಿಗೆ ಹಲವು ಡಾಲರ್ ತೆರಿಗೆ ಅಂಟಿಕೊಂಡಿರುತ್ತದೆ. ಮೇಲಾಗಿ ಹಾಲಿಡೇ ಒಪ್ಪಂದ ಇನ್ನೂ ಮೂರು ವರ್ಷವಿತ್ತು, ಸೈಮನ್ಸ್ ಒಪ್ಪಂದ ಒಂದೇ ವರ್ಷ. ಬಾಸ್ಟನ್ ಅಂದು ಪಡೆದದ್ದು ಆಟಗಾರನನ್ನಲ್ಲ, ಮುಂದಿನ ಎರಡು ವರ್ಷಗಳ ಹೊರೆಯಿಂದ ಬಿಡುಗಡೆಯನ್ನು. ಎಂಟು ವಾರಗಳ ಹಿಂದೆ ಪ್ರಶಸ್ತಿಯನ್ನು ಉಳಿಸಿಕೊಳ್ಳುವ ಮಾತಾಡುತ್ತಿದ್ದ ಅಭಿಮಾನಿಗೆ ಈ ಭಾಷೆ ರುಚಿಸದಿದ್ದರೆ ತಪ್ಪು ಅವನದಲ್ಲ.

ಲೆಕ್ಕ ಎಷ್ಟು ನಿಷ್ಠುರವಾಗಬಹುದು ಎಂಬುದಕ್ಕೆ ಅದೇ ಬೇಸಿಗೆಯ ಮಿಲ್ವಾಕಿ ಸಾಕ್ಷಿ. ಡೇಮಿಯನ್ ಲಿಲಾರ್ಡ್ ಏಪ್ರಿಲ್‌ನ ಪ್ಲೇಆಫ್‌ನಲ್ಲಿ ಟೇಟಂ ಅವರದೇ ಬಗೆಯ ಗಾಯಕ್ಕೆ ತುತ್ತಾದರು. ಅವರ ಒಪ್ಪಂದದಲ್ಲಿ ಇನ್ನೂ ಎರಡು ವರ್ಷ, ಸುಮಾರು 11.3 ಕೋಟಿ ಡಾಲರ್ ಬಾಕಿಯಿತ್ತು. ಜುಲೈ ಆರಂಭದಲ್ಲಿ ತಂಡ ಅವರನ್ನು ಬಿಡುಗಡೆ ಮಾಡಿ, ಸ್ಟ್ರೆಚ್ ಎಂಬ ನಿಯಮವನ್ನು ಬಳಸಿತು: ಉಳಿದ ವರ್ಷಗಳ ದುಪ್ಪಟ್ಟಿಗೆ ಒಂದು ಸೇರಿಸಿ, ಅಂದರೆ ಐದು ವರ್ಷಗಳಿಗೆ, ಬಾಕಿಯನ್ನು ಹಂಚಬಹುದು. ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್ ಲಿಲಾರ್ಡ್ ಹೆಸರಿನಲ್ಲಿ ಮಿಲ್ವಾಕಿಯ ಖಾತೆಯಲ್ಲಿ 2030ರವರೆಗೆ ನಿಂತಿರುತ್ತದೆ, ಅವರು ಆಡುವುದು ಬೇರೆಡೆ. ಹೀಗೆ ತೆರವಾದ ಜಾಗದಲ್ಲಿ ಇಂಡಿಯಾನಾದಿಂದ ಮೈಲ್ಸ್ ಟರ್ನರ್ ಬಂದರು. ಇದನ್ನು ಯಾವ ವದಂತಿಗಾರನೂ ಮೊದಲೇ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಲಿಲಾರ್ಡ್ ತಮ್ಮ ಹಳೆಯ ಮನೆ ಪೋರ್ಟ್‌ಲ್ಯಾಂಡ್‌ಗೆ ಮರಳಿದರು.

ನಿಮ್ಮನ್ನು ನಗೆಪಾಟಲು ಮಾಡಿದ ಯಾನಿಸ್ ಸುದ್ದಿಯನ್ನೇ ಈಗ ಪರೀಕ್ಷೆಗೆ ಒಡ್ಡೋಣ. 2025-26ರಲ್ಲಿ ಯಾನಿಸ್ ಅವರ ಸಂಬಳ ಸುಮಾರು 5.41 ಕೋಟಿ ಡಾಲರ್. ನ್ಯೂಯಾರ್ಕ್ ಅಂದು ಎರಡನೇ ಏಪ್ರನ್‌ನ ಅಂಚಿನಲ್ಲಿ ನಿಂತಿದ್ದ ತಂಡ. ಅಲ್ಲಿ ಆ ಮೊತ್ತಕ್ಕೆ ಒಬ್ಬಂಟಿಯಾಗಿ ಸರಿಹೊಂದುವ ಆಟಗಾರ ಒಬ್ಬರೇ, ಸುಮಾರು 5.31 ಕೋಟಿ ಪಡೆಯುವ ಕಾರ್ಲ್-ಆ್ಯಂಥನಿ ಟೌನ್ಸ್. ಅವರೂ ಸಾಲುವುದಿಲ್ಲ, ಹತ್ತು ಲಕ್ಷ ಡಾಲರ್ ಕಡಿಮೆ. ಅದನ್ನು ಹೇಗೋ ಹೊಂದಿಸಬಹುದು ಎಂದಿಟ್ಟುಕೊಳ್ಳಿ. ಯಾನಿಸ್ ಅಂಥವರನ್ನು ಕಳೆದುಕೊಳ್ಳುವ ತಂಡ ಹೊಸದಾಗಿ ಕಟ್ಟಲು ಡ್ರಾಫ್ಟ್‌ನ ಮೊದಲ ಸುತ್ತಿನ ಹಕ್ಕುಗಳನ್ನು ಕೇಳದೆ ಬಿಡುವುದಿಲ್ಲ. ನ್ಯೂಯಾರ್ಕ್ ಬಳಿ ಅವು ಇರಲಿಲ್ಲ. 2024ರಲ್ಲಿ ಮೈಕಲ್ ಬ್ರಿಡ್ಜಸ್ ಅವರಿಗಾಗಿ ಅದು ತನ್ನ 2025, 2027, 2029 ಮತ್ತು 2031ರ ಹಕ್ಕುಗಳನ್ನು ಬ್ರೂಕ್ಲಿನ್‌ಗೆ ಬರೆದುಕೊಟ್ಟಿತ್ತು.

ನಡುವಿನ 2026, 2028, 2030 ಇವೆಯಲ್ಲ ಎನ್ನುತ್ತೀರಿ. ಇಲ್ಲಿಯೇ ಸ್ಟೆಪಿಯನ್ ನಿಯಮ ಅಡ್ಡ ಬರುತ್ತದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಮೊದಲ ಸುತ್ತಿನ ಹಕ್ಕುಗಳನ್ನು ಒಂದರ ಹಿಂದೆ ಒಂದರಂತೆ ಕೊಟ್ಟು ತಂಡವನ್ನು ಬರಿದು ಮಾಡಿದ್ದರಿಂದ, ಮುಂದಿನ ಎರಡು ಸತತ ವರ್ಷಗಳಲ್ಲಿ ಮೊದಲ ಸುತ್ತಿನ ಹಕ್ಕಿಲ್ಲದ ಸ್ಥಿತಿಯನ್ನು ಯಾವ ತಂಡವೂ ತಂದುಕೊಳ್ಳುವಂತಿಲ್ಲ ಎಂಬ ನಿಯಮ ಬಂತು. ಬೆಸ ವರ್ಷಗಳನ್ನು ಕೊಟ್ಟಾದ ಮೇಲೆ ಸಮ ವರ್ಷಗಳು ತಾವಾಗಿಯೇ ಬೀಗ ಬಿದ್ದಂತಾದವು. ಏಳು ವರ್ಷಗಳಾಚೆಯ ಹಕ್ಕನ್ನು ಯಾರೂ ಮಾರುವಂತಿಲ್ಲದ್ದರಿಂದ ಆ ಬಾಗಿಲೂ ಇಲ್ಲ. ನ್ಯೂಯಾರ್ಕ್ ತನ್ನದೆನ್ನುವ ಒಂದು ಪೂರ್ಣ ಹಕ್ಕನ್ನೂ ಮೇಜಿನ ಮೇಲಿಡುವ ಸ್ಥಿತಿಯಲ್ಲಿರಲಿಲ್ಲ. ಇಷ್ಟನ್ನು ಕಾಗದದ ಮೇಲೆ ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ಇಎಸ್‌ಪಿಎನ್‌ನ ಟ್ರೇಡ್ ಮಷೀನ್‌ನಂಥ ಸಾಧನಗಳು ಸಂಬಳದ ಭಾಗವನ್ನು ತಾವೇ ಲೆಕ್ಕ ಹಾಕಿಕೊಡುತ್ತವೆ, ಆದರೆ ಎದುರಿನ ತಂಡ ಏಕೆ ಒಪ್ಪಬೇಕು ಎಂಬುದನ್ನು ಅವು ಕೇಳುವುದಿಲ್ಲ. ಯಂತ್ರ ಹಸಿರು ಗುರುತು ತೋರಿಸಿತು ಎಂದ ಮಾತ್ರಕ್ಕೆ ಕುಣಿಯುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಯಾನಿಸ್ 2025ರ ಅಕ್ಟೋಬರ್‌ನಲ್ಲಿ ಮಿಲ್ವಾಕಿಯ ಅಂಗಿಯಲ್ಲಿಯೇ ಋತು ಆರಂಭಿಸಿದರು.

ಇದಕ್ಕೆ ಪ್ರತಿಯಾಗಿ, ನಡೆದೇ ತೀರಿದ ವ್ಯವಹಾರ ಹೇಗಿರುತ್ತದೆ ಎಂಬುದಕ್ಕೆ ಕೆವಿನ್ ಡುರಾಂಟ್ ಅವರದನ್ನು ನೋಡಿ. ಫೀನಿಕ್ಸ್ ಅವರನ್ನು ಹ್ಯೂಸ್ಟನ್‌ಗೆ ಕಳಿಸಲು ಒಪ್ಪಿದ್ದು 2025ರ ಜೂನ್ 22ರಂದು. ಸುದ್ದಿ ಬಂದಾಗ ಡುರಾಂಟ್ ನ್ಯೂಯಾರ್ಕ್‌ನ ಒಂದು ಅಭಿಮಾನಿ ಉತ್ಸವದ ವೇದಿಕೆಯ ಮೇಲೆ ಕುಳಿತಿದ್ದರು, ಸಭಿಕರ ಮೊಬೈಲ್‌ಗಳು ಒಟ್ಟಿಗೆ ಮೊಳಗಿದವು. ಅವರ ಸಂಬಳ ಸುಮಾರು 5.47 ಕೋಟಿ ಡಾಲರ್. ಬದಲಿಗೆ ಬಂದ ಜೇಲನ್ ಗ್ರೀನ್ ಸುಮಾರು 3.33 ಕೋಟಿ, ಡಿಲನ್ ಬ್ರೂಕ್ಸ್ ಸುಮಾರು 2.11 ಕೋಟಿ, ಕೂಡಿದರೆ 5.44 ಕೋಟಿ. ಜೊತೆಗೆ ಆ ವರ್ಷದ ಡ್ರಾಫ್ಟ್‌ನ ಹತ್ತನೇ ಹಕ್ಕು ಮತ್ತು ಎರಡನೇ ಸುತ್ತಿನ ಐದು ಹಕ್ಕುಗಳು. ಅಂಕಿಗಳು ಹೀಗೆ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತಾಗ ಸುದ್ದಿಗೆ ಬೆನ್ನೆಲುಬಿದೆ ಎಂದು ತಿಳಿಯಬೇಕು. ಅದೇ ವ್ಯವಹಾರಕ್ಕೆ ಬೇರೆ ತಂಡಗಳ ಸಣ್ಣಪುಟ್ಟ ಕೊಡುಕೊಳ್ಳುವಿಕೆಗಳೂ ಜೋಡಿಕೊಂಡು, ಜುಲೈ 6ರಂದು ಅಧಿಕೃತವಾಗುವಾಗ ಅದು ಏಳು ತಂಡಗಳ ಟ್ರೇಡ್ ಆಗಿತ್ತು. ಎನ್‌ಬಿಎ ಇತಿಹಾಸದಲ್ಲಿ ಅಷ್ಟು ತಂಡಗಳು ಸೇರಿದ್ದು ಅದೇ ಮೊದಲು.

ಜೂನ್‌ನಲ್ಲಿ ಒಪ್ಪಿದ್ದು ಜುಲೈ 6ರವರೆಗೆ ಕಾದದ್ದೇಕೆ ಎಂಬುದು ಕ್ಯಾಲೆಂಡರ್‌ನ ಮಾತು. ಹೊರಗಿನ ಫ್ರೀ ಏಜೆಂಟ್‌ಗಳ ಜೊತೆ ಮಾತುಕತೆ ಆರಂಭವಾಗುವುದು ಅಮೆರಿಕದ ಪೂರ್ವ ತೀರದಲ್ಲಿ ಜೂನ್ 30ರ ಸಂಜೆ 6 ಗಂಟೆಗೆ. ನಮಗೆ ಅದು ಜುಲೈ 1ರ ಬೆಳಗಿನ ಜಾವ 3.30. ಹೊಸ ಸಂಬಳ ವರ್ಷವೂ ಅದೇ ಜುಲೈ 1ಕ್ಕೆ ಶುರುವಾಗುತ್ತದೆ. ಆದರೆ ಜುಲೈ 6ರ ಮಧ್ಯಾಹ್ನದವರೆಗೆ, ನಮ್ಮ ಲೆಕ್ಕದಲ್ಲಿ ರಾತ್ರಿ 9.30ರವರೆಗೆ, ಬಹುಪಾಲು ಒಪ್ಪಂದಗಳಿಗೆ ಸಹಿ ಬೀಳುವಂತಿಲ್ಲ. ಈ ನಡುವಿನ ದಿನಗಳಲ್ಲಿ ಕೇಳುವುದೆಲ್ಲ ಬಾಯಿಮಾತು. ನಾನಂತೂ ಪ್ರತಿ ವರ್ಷ ಆ ಜಾವದಲ್ಲಿ ಕಾಫಿ ಕಾಸಿಕೊಂಡು ಕುಳಿತುಕೊಳ್ಳುತ್ತೇನೆ, ಗಡಿಯಾರ 3.30 ತೋರಿಸಿದ ಮೊದಲ ನಿಮಿಷದಲ್ಲಿಯೇ ನಾಲ್ಕು ವರ್ಷಗಳ, ಹತ್ತು ಕೋಟಿ ಡಾಲರ್‌ಗಳ ಒಪ್ಪಂದಗಳು ಸಿದ್ಧವಾಗಿ ಹೊರಬೀಳುವುದನ್ನು ನೋಡಿ ನಗು ಬರುತ್ತದೆ. ಅಷ್ಟು ಬೇಗ ಯಾವ ವ್ಯಾಪಾರವೂ ಕುದುರುವುದಿಲ್ಲ. ಮೊದಲೇ ಮಾತಾಗಿದೆ ಎಂದೇ ಅರ್ಥ. ಹಾಗೆ ಮಾತಾಡುವುದು ನಿಯಮಬಾಹಿರ. ಜೇಲನ್ ಬ್ರನ್ಸನ್ ವಿಷಯದಲ್ಲಿ ನ್ಯೂಯಾರ್ಕ್, ಪಿ.ಜೆ. ಟಕರ್ ವಿಷಯದಲ್ಲಿ ಫಿಲಡೆಲ್ಫಿಯಾ ಸಿಕ್ಕಿಬಿದ್ದವು. ಸಿಕ್ಕಿದ ಶಿಕ್ಷೆ ಎರಡನೇ ಸುತ್ತಿನ ಒಂದೆರಡು ಹಕ್ಕು. ಬ್ರನ್ಸನ್ ಅಂಥ ಆಟಗಾರನಿಗೆ ಅದು ಬೆಲೆಯೇ ಅಲ್ಲ, ಆದ್ದರಿಂದ ಈ ಪದ್ಧತಿ ನಿಲ್ಲುವುದೂ ಇಲ್ಲ.

ಬಾಯಿಮಾತು ಮುರಿದುಬೀಳಬಹುದು ಎಂಬುದನ್ನೂ ನೆನಪಿಡಿ. 2015ರ ಜುಲೈನಲ್ಲಿ ಡಿಆ್ಯಂಡ್ರೆ ಜೋರ್ಡನ್ ಡಲ್ಲಾಸ್‌ಗೆ ಬರುವುದಾಗಿ ಒಪ್ಪಿದ್ದರು. ಐದು ದಿನಗಳಲ್ಲಿ ಮನಸ್ಸು ಬದಲಾಯಿತು. ಜುಲೈ 8ರಂದು ಅವರ ಹಳೆಯ ತಂಡವಾದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ನ ಜೊತೆಗಾರರು ಹ್ಯೂಸ್ಟನ್‌ನ ಅವರ ಮನೆಗೇ ಹೋಗಿ ಕುಳಿತರು. ಬ್ಲೇಕ್ ಗ್ರಿಫಿನ್ ಬಾಗಿಲ ಹಿಡಿಗೆ ಕುರ್ಚಿ ಆನಿಸಿಟ್ಟ ಚಿತ್ರವೊಂದನ್ನು ಟ್ವಿಟರ್‌ನಲ್ಲಿ ಹಾಕಿದರು. ಮಧ್ಯರಾತ್ರಿ ಸಹಿಗೆ ಅವಕಾಶ ಬಂದೊಡನೆ ಜೋರ್ಡನ್ ಹಳೆಯ ತಂಡಕ್ಕೇ ಸಹಿ ಹಾಕಿದರು. ಡಲ್ಲಾಸ್‌ಗೆ ದೂರಲು ದಾರಿಯೇ ಇರಲಿಲ್ಲ, ಏಕೆಂದರೆ ಕಾಗದದ ಮೇಲೆ ಏನೂ ಇರಲಿಲ್ಲ.

ಇನ್ನು ಸುದ್ದಿಯನ್ನು ಹೇಳುವವರು ಯಾರು ಎಂಬ ವಿಚಾರ. ಏಡ್ರಿಯನ್ ವೊಜ್ನರೊವ್ಸ್ಕಿ 2024ರ ಸೆಪ್ಟೆಂಬರ್‌ನಲ್ಲಿ ವರದಿಗಾರಿಕೆಯಿಂದ ನಿವೃತ್ತರಾದ ಮೇಲೆ ಇಎಸ್‌ಪಿಎನ್‌ನಲ್ಲಿ ಆ ಸ್ಥಾನಕ್ಕೆ ಶಾಮ್ಸ್ ಚರಾನಿಯಾ ಬಂದಿದ್ದಾರೆ. ಇಂಥವರು "ಒಪ್ಪಿದ್ದಾರೆ" ಎಂದು ಬರೆದರೆ ಬಹುಮಟ್ಟಿಗೆ ಅದು ಆದಂತೆಯೇ. "ಆಸಕ್ತಿ ತೋರಿಸಿದ್ದಾರೆ", "ಗಮನಿಸುತ್ತಿದ್ದಾರೆ", "ಸಾಧ್ಯತೆಯನ್ನು ತಳ್ಳಿಹಾಕಿಲ್ಲ" ಎಂಬ ಮಾತುಗಳ ತೂಕ ಬೇರೆ. ಅವನ್ನು ಓದುವಾಗ ಇದು ಹೊರಬಂದರೆ ಯಾರಿಗೆ ಲಾಭ ಎಂದು ಕೇಳಿಕೊಳ್ಳಿ. ಆಟಗಾರನ ಏಜೆಂಟ್‌ಗೆ ಮೂರನೆಯ ಗಿರಾಕಿ ಇದ್ದಾನೆ ಎಂದು ತೋರಿಸಿದರೆ ಬೆಲೆ ಏರುತ್ತದೆ. ಕೊಡುವ ತಂಡಕ್ಕೂ ಅದೇ ಲಾಭ. ಕೊಳ್ಳುವ ತಂಡಕ್ಕೆ ಮಾತ್ರ ಸುದ್ದಿ ಹರಡಿದರೆ ನಷ್ಟ. ಆದ್ದರಿಂದ ನಿಜವಾಗಿ ಕೊಳ್ಳಲು ಹೊರಟವರು ಬಾಯಿ ಬಿಡುವುದಿಲ್ಲ. ಪ್ರಸಿದ್ಧ ವರದಿಗಾರರ ಹೆಸರಿನಲ್ಲಿ ಒಂದಕ್ಷರ ಬದಲಿಸಿ ನಡೆಸುವ ನಕಲಿ ಖಾತೆಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

2019ರ ಜುಲೈನ ಮೊದಲ ವಾರ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಟೊರಾಂಟೊಗೆ ಆಗಷ್ಟೇ ಮೊದಲ ಪ್ರಶಸ್ತಿ ಗೆದ್ದುಕೊಟ್ಟಿದ್ದ ಕವಾಯ್ ಲೆನಾರ್ಡ್ ಫ್ರೀ ಏಜೆಂಟ್ ಆಗಿದ್ದರು. ಅವರು ಮಾತಾಡುವುದೇ ಅಪರೂಪ. ಆದ್ದರಿಂದ ಎಲ್ಲರೂ ಅವರ ಪರವಾಗಿ ಮಾತಾಡಿದರು. ಜುಲೈ 3ರಂದು ಅವರು ಟೊರಾಂಟೊಗೆ ಬಂದಿಳಿದರೆಂಬ ಗುಲ್ಲೆದ್ದು, ವಿಮಾನ ನಿಲ್ದಾಣದಿಂದ ಹೋಟೆಲಿನವರೆಗೆ ಒಂದು ಕಪ್ಪು ಕಾರಿನ ಮೇಲೆ ಟಿವಿ ವಾಹಿನಿಯ ಹೆಲಿಕಾಪ್ಟರ್ ಹಾರಾಡಿತು, ಹೋಟೆಲಿನ ಮುಂದೆ ಜನ ನೆರೆದರು. ಇನ್ನೊಂದೆಡೆ ಲಾಸ್ ಏಂಜಲೀಸ್ ಲೇಕರ್ಸ್ ಖಚಿತ ಎಂಬ ಮಾತು ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ನಾನೂ ಅದನ್ನೇ ನಂಬಿದ್ದೆ. ಜುಲೈ 5ರ ರಾತ್ರಿ ದಕ್ಷಿಣ ಕ್ಯಾಲಿಫೋರ್ನಿಯಾ 7.1 ಪ್ರಮಾಣದ ಭೂಕಂಪಕ್ಕೆ ನಡುಗಿತು, ಲಾಸ್ ವೇಗಸ್‌ನಲ್ಲಿ ನಡೆಯುತ್ತಿದ್ದ ಸಮ್ಮರ್ ಲೀಗ್ ಪಂದ್ಯ ಅರ್ಧಕ್ಕೆ ನಿಂತಿತು. ಕೆಲವೇ ಗಂಟೆಗಳಲ್ಲಿ ಎರಡನೆಯ ನಡುಕ: ಲೆನಾರ್ಡ್ ಸೇರಿದ್ದು ಕ್ಲಿಪ್ಪರ್ಸ್, ಜೊತೆಯಲ್ಲಿ ಒಕ್ಲಹೋಮಾದಿಂದ ಪಾಲ್ ಜಾರ್ಜ್ ಕೂಡ ಟ್ರೇಡ್ ಆಗಿ ಬರುತ್ತಿದ್ದಾರೆ. ಆರು ದಿನಗಳ ಗದ್ದಲದಲ್ಲಿ ಪಾಲ್ ಜಾರ್ಜ್ ಎಂಬ ಹೆಸರನ್ನು ಯಾರೂ ಎತ್ತಿರಲಿಲ್ಲ.

2025ರ ಫೆಬ್ರುವರಿಯಲ್ಲಿ ಡಲ್ಲಾಸ್ ತನ್ನ ತಾರೆ ಲೂಕಾ ಡಾನ್ಸಿಚ್ ಅವರನ್ನು ಲೇಕರ್ಸ್‌ಗೆ ಟ್ರೇಡ್ ಮಾಡಿದಾಗಲೂ ಹೀಗೆಯೇ ಆಯಿತು. ಅದು ಋತುವಿನ ನಡುವೆ ನಡೆದದ್ದಾದರೂ ಪಾಠ ಅದೇ. ಡಲ್ಲಾಸ್ ಮತ್ತು ಲೇಕರ್ಸ್‌ನ ಮುಖ್ಯಸ್ಥರು ವಾರಗಟ್ಟಲೆ ಗುಟ್ಟಾಗಿ ಮಾತಾಡಿದ್ದರು. ಚರಾನಿಯಾ ಸುದ್ದಿ ಹಾಕಿದಾಗ ಅವರ ಖಾತೆಗೆ ಯಾರೋ ಕನ್ನ ಹಾಕಿದ್ದಾರೆ ಎಂದೇ ಜನ ತಿಳಿದರು. ಇದು ನಿಜ ಎಂದು ಅವರು ಮತ್ತೊಮ್ಮೆ ಬರೆಯಬೇಕಾಯಿತು.

ಸದ್ದಿದ್ದೂ ಸುಳ್ಳಲ್ಲದ ಒಂದು ಬಗೆಯ ಸುದ್ದಿಯೂ ಇದೆ, ಅದನ್ನು ನೀವು ಗುರುತಿಸಲು ಕಲಿಯಬೇಕು. ಹೊಸ ಪ್ರತಿಭೆಯ ಮೊದಲ ಒಪ್ಪಂದ ಮುಗಿದಾಗ ಅವನು ಸಾಮಾನ್ಯವಾಗಿ ನಿರ್ಬಂಧಿತ ಫ್ರೀ ಏಜೆಂಟ್ ಆಗುತ್ತಾನೆ. ಬೇರೆ ತಂಡ ಕೊಟ್ಟ ಬೆಲೆಯನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಹಕ್ಕು ಹಳೆಯ ತಂಡಕ್ಕಿದೆ. ಐಪಿಎಲ್‌ನ ಆರ್‌ಟಿಎಂ ಕಾರ್ಡ್ ನೆನಪಿಸಿಕೊಂಡರೆ ಸಾಕು. 2025ರಲ್ಲಿ ಗೋಲ್ಡನ್ ಸ್ಟೇಟ್‌ನ ಜೊನಾಥನ್ ಕುಮಿಂಗಾ ಕುರಿತು ಬೇಸಿಗೆಯಿಡೀ ಸುದ್ದಿ ಬಂದರೂ ಏನೂ ಆಗಲಿಲ್ಲ, ಏಕೆಂದರೆ ಆ ವರ್ಷ ಕ್ಯಾಪ್ ಒಳಗೆ ಗಣನೀಯ ಜಾಗವಿದ್ದ ತಂಡ ಬ್ರೂಕ್ಲಿನ್ ಒಂದೇ. ಗಿರಾಕಿಯಿಲ್ಲದ ಸಂತೆಯಲ್ಲಿ ಬೆಲೆ ಏರುವುದು ಹೇಗೆ? ಎರಡೂ ಕಡೆಯವರು ಜಗ್ಗಾಡಿ ಸೆಪ್ಟೆಂಬರ್ 30ರಂದು ಹಳೆಯ ತಂಡದಲ್ಲಿಯೇ ಎರಡು ವರ್ಷಗಳ ಒಪ್ಪಂದಕ್ಕೆ ಬಂದರು. ಆದ್ದರಿಂದ ಜೂನ್ ಕೊನೆಯಲ್ಲಿ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ ಯಾವ ತಂಡಗಳ ಖಾತೆಯಲ್ಲಿ ಜಾಗವಿದೆ ಎಂದು ನೋಡಿಕೊಳ್ಳುವುದು. ಆ ಪಟ್ಟಿ ಚಿಕ್ಕದಾಗಿದ್ದರೆ ಆ ಬೇಸಿಗೆಯ ದೊಡ್ಡ ಸುದ್ದಿಗಳು ಟ್ರೇಡ್‌ನಿಂದಲೇ ಬರುತ್ತವೆ, ಸಹಿಯಿಂದಲ್ಲ. ಟಿವಿ ಹಕ್ಕುಗಳಿಗಾಗಿ 11 ವರ್ಷಗಳ, 7,600 ಕೋಟಿ ಡಾಲರ್‌ಗಳ ಹೊಸ ಒಪ್ಪಂದ 2025-26ರಿಂದ ಜಾರಿಗೆ ಬಂದಿದ್ದರೂ ಕ್ಯಾಪ್ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವಂತಿಲ್ಲ. 2016ರಲ್ಲಿ ಅದು ಒಮ್ಮೆಲೇ 7 ಕೋಟಿಯಿಂದ 9.41 ಕೋಟಿಗೆ ನೆಗೆದು, 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್‌ಗೆ ಡುರಾಂಟ್ ಸೇರಲು ಜಾಗ ಮಾಡಿಕೊಟ್ಟಿತಲ್ಲ, ಅಂಥ ಬೇಸಿಗೆ ಸದ್ಯಕ್ಕೆ ಮರಳುವುದಿಲ್ಲ.

ಒಂದು ವ್ಯವಹಾರ ಗೆದ್ದಿತೋ ಸೋತಿತೋ ಎಂದು ಜುಲೈನಲ್ಲಿಯೇ ಅಂಕ ಕೊಡುವವರ ಬಗ್ಗೆಯೂ ಒಂದು ಮಾತು ಹೇಳಬೇಕಾದ್ದರಿಂದ, ಆ 2019ರ ರಾತ್ರಿಗೆ ಮತ್ತೆ ಹೋಗುತ್ತೇನೆ. ಜಾರ್ಜ್‌ಗಾಗಿ ಕ್ಲಿಪ್ಪರ್ಸ್ ಒಕ್ಲಹೋಮಾಗೆ ಕೊಟ್ಟದ್ದು ಡನೀಲೊ ಗಲಿನಾರಿ, ಮೊದಲ ಸುತ್ತಿನ ಐದು ಹಕ್ಕುಗಳು, ಡ್ರಾಫ್ಟ್ ಸರದಿಯನ್ನು ಅದಲುಬದಲಿಸಿಕೊಳ್ಳುವ ಎರಡು ಹಕ್ಕುಗಳು ಮತ್ತು ಇನ್ನೂ ಇಪ್ಪತ್ತೊಂದು ತುಂಬದ ಶೇ ಗಿಲ್ಜಸ್-ಅಲೆಕ್ಸಾಂಡರ್. ಅಂದು ಬಹುತೇಕರು ಕ್ಲಿಪ್ಪರ್ಸ್ ಗೆದ್ದರು ಎಂದರು. ಆ ಐದರಲ್ಲಿ ಒಂದು ಹಕ್ಕು 2022ರಲ್ಲಿ ಜೇಲನ್ ವಿಲಿಯಮ್ಸ್ ಆಯಿತು. ಪಾಲ್ ಜಾರ್ಜ್ 2024ರಲ್ಲಿ ಫ್ರೀ ಏಜೆಂಟ್ ಆಗಿ ಫಿಲಡೆಲ್ಫಿಯಾಗೆ ಹೊರಟುಹೋದರು, ಕ್ಲಿಪ್ಪರ್ಸ್ ಕೈಗೆ ಬದಲಿಗೆ ಏನೂ ಬರಲಿಲ್ಲ. 2025ರ ಜೂನ್‌ನಲ್ಲಿ ಒಕ್ಲಹೋಮಾ ಪ್ರಶಸ್ತಿ ಗೆದ್ದಾಗ ಗಿಲ್ಜಸ್-ಅಲೆಕ್ಸಾಂಡರ್ ಋತುವಿನ ಶ್ರೇಷ್ಠ ಆಟಗಾರರೂ ಫೈನಲ್ಸ್‌ನ ಶ್ರೇಷ್ಠ ಆಟಗಾರರೂ ಆಗಿದ್ದರು. ಅಷ್ಟಾದರೂ ಆ ಸಾಲ ತೀರಿರಲಿಲ್ಲ. ಐದು ಹಕ್ಕುಗಳ ಕೊನೆಯ ಕಂತು 2026ರ ಡ್ರಾಫ್ಟ್‌ನದು.